ಒಂದೇ ತಕ್ಕಡಿಯಲ್ಲಿ ದ್ರಾಕ್ಷಿ ಮತ್ತು ಆಲಿವ್

ಪುಣೆಯ ಕ್ಯಾಂಪ್ ಪ್ರದೇಶದಲ್ಲಿ ಬದುಕು ಕಟ್ಟಿಕೊಂಡಿರುವ ಕನ್ನಡಿಗರಾದ ನಮಗೆ ಈ ಎರಡು ಹಣ್ಣುಗಳು ಎರಡು ಬಗೆಯಲ್ಲಿ ಎದುರಾಗುತ್ತವೆ. ಮಾಘ, ಫಾಲ್ಗುಣ ಬಂತೆಂದರೆ ಶಿವಾಜಿ ಮಾರುಕಟ್ಟೆಯ ಒಳಗೂ ಹೊರಗಿನ ಕೈಗಾಡಿಗಳ ಮೇಲೂ ದ್ರಾಕ್ಷಿಯ ಗೊಂಚಲುಗಳು ರಾಶಿ ಬೀಳುತ್ತವೆ. ಆಲಿವ್ ಹಾಗಲ್ಲ. ಅದಕ್ಕೆ ಋತುವಿಲ್ಲ. ವರ್ಷವಿಡೀ ಎಂ.ಜಿ. ರಸ್ತೆ, ಈಸ್ಟ್ ಸ್ಟ್ರೀಟ್‌ಗಳ ಅಂಗಡಿಗಳ ಕಪಾಟಿನಲ್ಲಿ ಉಪ್ಪುನೀರು ತುಂಬಿದ ಗಾಜಿನ ಸೀಸೆಯೊಳಗೆ, ಪರದೇಶದ ಹೆಸರು ಹೊತ್ತು ಕುಳಿತಿರುತ್ತದೆ. ಮೊದಲನೆಯದಕ್ಕೆ ನಾವು ಚೌಕಾಸಿ ಮಾಡುತ್ತೇವೆ, ಎರಡನೆಯದರ ಮೇಲೆ ಅಚ್ಚಾದ ಬೆಲೆಯನ್ನು ತುಟಿ ಬಿಚ್ಚದೆ ಕೊಡುತ್ತೇವೆ.

ಈಚಿನ ವರ್ಷಗಳಲ್ಲಿ ನಮ್ಮ ಮನೆಗಳಲ್ಲಿ ಈ ಎರಡನ್ನೂ ಎದುರುಬದುರು ನಿಲ್ಲಿಸಿ ಕೇಳುವ ಪ್ರಶ್ನೆಯೊಂದು ರೂಢಿಯಾಗಿದೆ: ಯಾವುದರಲ್ಲಿ ಪೌಷ್ಟಿಕಾಂಶ ಹೆಚ್ಚು? ಮಧುಮೇಹದ ಭಯವಿರುವ ಮನೆಯಲ್ಲಿ ದ್ರಾಕ್ಷಿ ಸಕ್ಕರೆಯ ಮೂಟೆಯಾಗಿ ಕಾಣುತ್ತದೆ, ಆಲಿವ್ ಹೃದಯದ ರಕ್ಷಕನಾಗಿ ಮೆರೆಯುತ್ತದೆ. ಎಟುಕದ ದ್ರಾಕ್ಷಿ ಹುಳಿ ಎಂದ ನರಿಯ ಕಥೆ ನಮ್ಮ ಕಾಲಕ್ಕೆ ತಿರುವುಮುರುವಾಗಿದೆ. ಎಟುಕುವ ದ್ರಾಕ್ಷಿಯ ಮೇಲೆ ಗುಮಾನಿ, ದೂರದ ಆಲಿವ್ ಮೇಲೆ ಭಕ್ತಿ. ನಮ್ಮ ಅಭಿಪ್ರಾಯದಲ್ಲಿ ಈ ಪ್ರಶ್ನೆಯನ್ನು ಇಟ್ಟ ತಕ್ಕಡಿಯೇ ಸರಿಯಿಲ್ಲ. ದ್ರಾಕ್ಷಿಗೆ ಆಲಿವ್ ಎದುರಾಳಿಯಲ್ಲ. ಆಲಿವ್‌ಗೆ ನಿಜವಾದ ಸಾಟಿ ನಮ್ಮ ಅಡುಗೆಮನೆಯ ಡಬ್ಬಿಯಲ್ಲಿ ಬಹುಕಾಲದಿಂದ ಇದೆ, ಅದನ್ನು ಈ ಹೋಲಿಕೆಗೆ ಯಾರೂ ಕರೆದಿಲ್ಲ.

ಮೊದಲು ಅಂಕಿಗಳನ್ನು ನೋಡೋಣ. ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ತಾಜಾ ದ್ರಾಕ್ಷಿಯಲ್ಲಿ ಸುಮಾರು 80 ಗ್ರಾಂ ನೀರು, 15 ಗ್ರಾಂ ಸಕ್ಕರೆ, 1 ಗ್ರಾಂಗೂ ಕಡಿಮೆ ನಾರು ಇರುತ್ತವೆ. ಕೊಬ್ಬು ಇಲ್ಲವೆನ್ನುವಷ್ಟು ಅಲ್ಪ. ಶಕ್ತಿ 69 ಕಿಲೊಕ್ಯಾಲರಿ. ಪೊಟ್ಯಾಸಿಯಂ 190 ಮಿಲಿಗ್ರಾಂ, ಸೋಡಿಯಂ ಕೇವಲ 2 ಮಿಲಿಗ್ರಾಂ. ಉಪ್ಪುನೀರಿನಲ್ಲಿ ಹಾಕಿಟ್ಟ ಹಸಿರು ಆಲಿವ್‌ನ 100 ಗ್ರಾಂನಲ್ಲಿ 15 ಗ್ರಾಂ ಕೊಬ್ಬು, 3 ಗ್ರಾಂಗಿಂತ ತುಸು ಹೆಚ್ಚು ನಾರು, ಸುಮಾರು 4 ಮಿಲಿಗ್ರಾಂ ಇ ಜೀವಸತ್ತ್ವ, 145 ಕಿಲೊಕ್ಯಾಲರಿ ಶಕ್ತಿ. ಸಕ್ಕರೆ ಇಲ್ಲವೆಂದೇ ಹೇಳಬೇಕು. ಆದರೆ ಸೋಡಿಯಂ 1,500 ಮಿಲಿಗ್ರಾಂಗೂ ಮೇಲೆ.

ಸಕ್ಕರೆ ಕಡಿಮೆ ಬೇಕೆನ್ನುವವರಿಗೆ ಆಲಿವ್ ಗೆಲ್ಲುತ್ತದೆ. ಉಪ್ಪು ಕಡಿಮೆ ಬೇಕೆನ್ನುವವರಿಗೆ ದ್ರಾಕ್ಷಿ ಗೆಲ್ಲುತ್ತದೆ. ಒಳ್ಳೆಯ ಕೊಬ್ಬು ಬೇಕೆಂದರೆ ಆಲಿವ್, ಪೊಟ್ಯಾಸಿಯಂ ಬೇಕೆಂದರೆ ದ್ರಾಕ್ಷಿ. ಪ್ರಶ್ನೆ ಬದಲಾದಂತೆ ಉತ್ತರವೂ ಬದಲಾಗುತ್ತದೆ. ಒಂದು ಸಿಹಿನೀರಿನ ಹಣ್ಣು, ಇನ್ನೊಂದು ಎಣ್ಣೆಯ ಕಾಯಿ. ಇವೆರಡನ್ನು ತೂಗಿ ಒಂದಕ್ಕೆ ಪಟ್ಟ ಕಟ್ಟುವುದು ಕಬ್ಬಿಗೂ ಕೊಬ್ಬರಿಗೂ ಪಂದ್ಯ ಏರ್ಪಡಿಸಿದಂತೆ.

ಆಲಿವ್‌ನ ಸ್ವಭಾವವನ್ನು ತುಸು ತಿಳಿದುಕೊಂಡರೆ ಅದರ ಉಪ್ಪಿನ ಗುಟ್ಟೂ ಬಿಡಿಸುತ್ತದೆ. ನಮ್ಮ ಕಾವ್ಯಮೀಮಾಂಸಕರು ಬಾಯಿಗಿಟ್ಟೊಡನೆ ರಸ ಒಸರುವ ಶೈಲಿಯನ್ನು ದ್ರಾಕ್ಷಾಪಾಕವೆಂದರು, ಸಿಪ್ಪೆ ಸುಲಿದರೆ ಸಿಗುವುದನ್ನು ಕದಳೀಪಾಕವೆಂದರು, ಒಡೆದು ಹೆರೆದ ಮೇಲೆ ದಕ್ಕುವುದನ್ನು ನಾರಿಕೇಳಪಾಕವೆಂದರು. ಆಲಿವ್ ಅವರ ಕಣ್ಣಿಗೆ ಬಿದ್ದಿದ್ದರೆ ಬಹುಶಃ ನಾಲ್ಕನೆಯ ಪಾಕವೊಂದನ್ನು ಹೆಸರಿಸಬೇಕಾಗುತ್ತಿತ್ತು. ಮರದಿಂದ ಕಿತ್ತ ಆಲಿವ್ ಕಾಯಿಯನ್ನು ಕಚ್ಚಿದರೆ ನಾಲಿಗೆ ಮುದುಡುವಷ್ಟು ಕಹಿ. ಓಲಿಯುರೋಪೀನ್ ಎಂಬ ವಸ್ತು ಆ ಕಹಿಗೆ ಕಾರಣ. ಅದನ್ನು ತೆಗೆಯಲು ಕಾಯಿಗಳನ್ನು ಕ್ಷಾರದಲ್ಲಿ ನೆನೆಸಬೇಕು, ಇಲ್ಲವೇ ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ಹುದುಗಿಸಬೇಕು. ಸೀಸೆಯಲ್ಲಿ ನಮಗೆ ಸಿಗುವುದು ಈ ಸಂಸ್ಕಾರ ಮುಗಿದ ಕಾಯಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ಹಣ್ಣಿಗಿಂತ ಮಿಡಿ ಉಪ್ಪಿನಕಾಯಿಗೆ ಹತ್ತಿರದ ನೆಂಟ.

ಉಪ್ಪಿನಕಾಯಿಯನ್ನು ಯಾರೂ ಬಟ್ಟಲು ತುಂಬಿಸಿಕೊಂಡು ತಿನ್ನುವುದಿಲ್ಲ. ಆದರೆ ಆಲಿವ್ ಆರೋಗ್ಯದ ಹೆಸರಿನಲ್ಲಿ ಬಂದಿರುವುದರಿಂದ ಆ ಲೆಕ್ಕ ತಪ್ಪಿಹೋಗುತ್ತದೆ. ಮಧ್ಯಮ ಗಾತ್ರದ ಹತ್ತು ಹಸಿರು ಆಲಿವ್‌ಗಳು ಸುಮಾರು 35 ಗ್ರಾಂ ತೂಗುತ್ತವೆ. ಅವುಗಳಲ್ಲಿ 500 ಮಿಲಿಗ್ರಾಂಗಿಂತ ಹೆಚ್ಚು ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ 2,000 ಮಿಲಿಗ್ರಾಂ ಸೋಡಿಯಂ, ಅಂದರೆ 5 ಗ್ರಾಂ ಉಪ್ಪು ಮೀರಬಾರದು ಎನ್ನುತ್ತದೆ. ಹತ್ತೇ ಕಾಯಿಗಳಲ್ಲಿ ದಿನದ ಪಾಲಿನ ಕಾಲುಭಾಗ ಕಳೆಯಿತು. ಸಾರು, ಪಲ್ಯ, ಚಟ್ನಿ, ಹಪ್ಪಳಗಳಿಂದ ಈಗಾಗಲೇ ಉಪ್ಪಿನ ಮಿತಿ ದಾಟುವ ನಮ್ಮ ಊಟಕ್ಕೆ, ರಕ್ತದೊತ್ತಡದ ಮಾತ್ರೆ ನುಂಗುವ ಹಿರಿಯರಿಗೆ, ಇದು ಸಣ್ಣ ಸಂಗತಿಯಲ್ಲ. ಹೃದಯದ ಹಿತಕ್ಕೆಂದು ತಂದ ಸೀಸೆಯೇ ಹೃದಯಕ್ಕೆ ಹೊರೆಯಾಗಬಹುದು. ನೀರಿನಲ್ಲಿ ನೆನೆಸಿ ತೊಳೆದರೆ ಉಪ್ಪು ಒಂದಿಷ್ಟು ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ.

ಕಪ್ಪು ಆಲಿವ್‌ನ ಕಬ್ಬಿಣದ ಬಗ್ಗೆಯೂ ಒಂದು ಮಾತು. ಡಬ್ಬಿಯಲ್ಲಿ ಬರುವ, ಒಂದೇ ಸಮನೆ ಕಪ್ಪಗೆ ಹೊಳೆಯುವ ಆಲಿವ್‌ಗಳಲ್ಲಿ ಬಹುಪಾಲು ಮರದಲ್ಲಿ ಮಾಗಿ ಕಪ್ಪಾದವಲ್ಲ. ಬಲಿಯದ ಕಾಯಿಗಳನ್ನು ಕ್ಷಾರದಲ್ಲಿ ನೆನೆಸಿ, ಗಾಳಿಯಾಡಿಸಿ ಕಪ್ಪಾಗಿಸಿ, ಆ ಬಣ್ಣ ನಿಲ್ಲಲೆಂದು ಫೆರಸ್ ಗ್ಲುಕೊನೇಟ್ ಎಂಬ ಕಬ್ಬಿಣದ ಲವಣವನ್ನು ಸೇರಿಸುತ್ತಾರೆ. ಕೋಷ್ಟಕದಲ್ಲಿ ಕಪ್ಪು ಆಲಿವ್‌ನ ಕಬ್ಬಿಣ ಹಸಿರಿಗಿಂತ ಹಲವು ಪಟ್ಟು ಹೆಚ್ಚಾಗಿ ಕಾಣುವುದಕ್ಕೆ ಇದು ಮುಖ್ಯ ಕಾರಣ. ಅದು ಮರದ ಗುಣಕ್ಕಿಂತ ಕಾರ್ಖಾನೆಯ ಕೈಗುಣ. ಪೌಷ್ಟಿಕಾಂಶದ ಪಟ್ಟಿಯನ್ನು ಓದುವಾಗ ಅಂಕಿಯ ಹಿಂದಿನ ಕೆಲಸವನ್ನೂ ಓದಬೇಕೆಂದು ನಾವು ಒತ್ತಿ ಹೇಳುವುದು ಇದಕ್ಕಾಗಿಯೇ.

ಹಾಗೆಂದು ದ್ರಾಕ್ಷಿಯ ಪರ ವಕೀಲಿಕೆ ಮಾಡುವುದೂ ನಮ್ಮ ಉದ್ದೇಶವಲ್ಲ. ದ್ರಾಕ್ಷಿಗೆ ನಮ್ಮಲ್ಲಿ ಹಳೆಯ ಗೌರವವಿದೆ. ಚರಕಸಂಹಿತೆಯ ಸೂತ್ರಸ್ಥಾನದ 27ನೆಯ ಅಧ್ಯಾಯದಲ್ಲಿ ಹಣ್ಣುಗಳ ವರ್ಗ ಆರಂಭವಾಗುವುದೇ ಮೃದ್ವೀಕಾ ಎಂಬ ದ್ರಾಕ್ಷಿಯಿಂದ. ಆದರೆ ಸಿ ಜೀವಸತ್ತ್ವದ ಲೆಕ್ಕದಲ್ಲಿ ದ್ರಾಕ್ಷಿ ಬಡವ. 100 ಗ್ರಾಂಗೆ 3 ಮಿಲಿಗ್ರಾಂ ಆಸುಪಾಸು ಅಷ್ಟೆ. ರಸ್ತೆಬದಿಯ ಪೇರಲ ಹಣ್ಣು ಅದನ್ನು ಹತ್ತಾರು ಪಟ್ಟು ಮೀರಿಸುತ್ತದೆ. ಸಿಪ್ಪೆಯಲ್ಲಿರುವ ರೆಸ್ವೆರಟ್ರಾಲ್ ಎಂಬ ವಸ್ತುವಿನ ಕೀರ್ತಿ ದೊಡ್ಡದು, ಪ್ರಮಾಣ ಬಹಳ ಚಿಕ್ಕದು. ಒಣದ್ರಾಕ್ಷಿಯಾದರೆ ನೀರು ಹೋಗಿ ಎಲ್ಲವೂ ಸಾಂದ್ರವಾಗುತ್ತದೆ: 100 ಗ್ರಾಂಗೆ ಸುಮಾರು 750 ಮಿಲಿಗ್ರಾಂ ಪೊಟ್ಯಾಸಿಯಂ, ಜೊತೆಗೆ 60 ಗ್ರಾಂನಷ್ಟು ಸಕ್ಕರೆ. 30 ಗ್ರಾಂನ ಒಂದು ಹಿಡಿಯಲ್ಲೇ ನಾಲ್ಕು ಚಮಚ ಸಕ್ಕರೆ ಅಡಗಿರುತ್ತದೆ. ಮೂತ್ರಪಿಂಡದ ತೊಂದರೆಯಿಂದಾಗಿ ಪೊಟ್ಯಾಸಿಯಂ ಮಿತಿಯಲ್ಲಿರುವವರು ವೈದ್ಯರನ್ನು ಕೇಳಿಯೇ ತಿನ್ನಬೇಕು.

ಇಷ್ಟಾದರೂ ದ್ರಾಕ್ಷಿಯನ್ನು ಸಕ್ಕರೆಯ ಮೂಟೆಯೆಂದು ತಳ್ಳುವುದು ಅನ್ಯಾಯ. ಅಮೆರಿಕದ ಆರೋಗ್ಯಸೇವಾ ಸಿಬ್ಬಂದಿಯ ಮೂರು ದೀರ್ಘ ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಇಡೀ ಹಣ್ಣುಗಳು, ವಿಶೇಷವಾಗಿ ಬ್ಲೂಬೆರಿ, ದ್ರಾಕ್ಷಿ, ಸೇಬು, ಎರಡನೆಯ ಬಗೆಯ ಮಧುಮೇಹದ ಕಡಿಮೆ ಸಾಧ್ಯತೆಯ ಜೊತೆ ಕಾಣಿಸಿಕೊಂಡವು. ಹಣ್ಣಿನ ರಸ ಹೆಚ್ಚಿನ ಸಾಧ್ಯತೆಯ ಜೊತೆ ಕಾಣಿಸಿಕೊಂಡಿತು. ಇದು ಗಮನಿಸಿದ ಸಂಬಂಧವೇ ಹೊರತು ಕಾರ್ಯಕಾರಣದ ರುಜುವಾತಲ್ಲ. ಆದರೂ ಅಗಿದು ತಿಂದ ಹಣ್ಣು ಬೇರೆ, ಹಿಂಡಿ ಕುಡಿದ ರಸ ಬೇರೆ ಎಂಬ ವಿವೇಕಕ್ಕೆ ಅದು ಬಲ ಕೊಡುತ್ತದೆ. ಮಧುಮೇಹ ಇರುವವರಿಗೆ ಎಷ್ಟು ಕಾಳು ಎಂಬುದು ಅವರವರ ರಕ್ತಪರೀಕ್ಷೆ ಹೇಳಬೇಕಾದ ಮಾತು.

ಸಾಹಿತ್ಯದ ಬಳಗವಾದ ನಮಗೆ ಇಲ್ಲಿ ಭಾಷೆಯ ಹೊಣೆಯೊಂದೂ ಕಾಣುತ್ತದೆ. ಮೊಬೈಲಿನಲ್ಲಿ ಕೈಯಿಂದ ಕೈಗೆ ದಾಟುವ ಆರೋಗ್ಯ ಸಲಹೆಗಳಲ್ಲಿ, ಕೊಲೆಸ್ಟರಾಲ್ ಇಳಿಸುವ ಕೆಲವು ಮಾತ್ರೆಗಳ ಜೊತೆ ದ್ರಾಕ್ಷಿಹಣ್ಣು ತಿನ್ನಬಾರದೆಂಬ ಎಚ್ಚರಿಕೆ ಬರುವುದುಂಟು. ಮೂಲದಲ್ಲಿ ಇರುವುದು ಗ್ರೇಪ್‌ಫ್ರೂಟ್. ಅದು ದ್ರಾಕ್ಷಿಯಲ್ಲ, ಚಕ್ಕೋತವೂ ಕಿತ್ತಳೆಯೂ ಕೂಡಿ ಹುಟ್ಟಿದ ನಿಂಬೆಯ ಜಾತಿಯ ಹಣ್ಣು. ಪದಕ್ಕೆ ಪದ ಜೋಡಿಸಿದ ಅನುವಾದದಿಂದ ಚಕ್ಕೋತದ ಬಳಗದ ಅಪವಾದ ದ್ರಾಕ್ಷಿಯ ತಲೆಗೆ ಬೀಳುತ್ತದೆ. ಹೊರನಾಡಿನಲ್ಲಿ ಒಂಟಿಯಾಗಿ ಬದುಕುವ, ಕನ್ನಡವನ್ನಷ್ಟೇ ಸಲೀಸಾಗಿ ಓದಬಲ್ಲ ಹಿರಿಯರು ಇಂಥ ಒಂದು ಸಾಲನ್ನು ನಂಬಿ ನಿರಪರಾಧಿ ಹಣ್ಣನ್ನು ಬಿಡುತ್ತಾರೆ. ನಿಜವಾಗಿ ಎಚ್ಚರ ಬೇಕಾದ ಹಣ್ಣಿನ ಸುದ್ದಿ ಅವರಿಗೆ ಮುಟ್ಟುವುದೇ ಇಲ್ಲ. ಪೌಷ್ಟಿಕತೆಯ ಬರಹಕ್ಕೆ ಒಳ್ಳೆಯ ಕನ್ನಡ ಅಲಂಕಾರವಲ್ಲ, ಅದು ಪಥ್ಯದ ಭಾಗ.

ಆಲಿವ್‌ಗೂ ಕನ್ನಡದಲ್ಲಿ ಹೆಸರಿಲ್ಲದೆ ಇಲ್ಲ. ಬೈಬಲ್ಲನ್ನು ಕನ್ನಡಕ್ಕೆ ತಂದವರು ಅದನ್ನು ಎಣ್ಣೇಮರವೆಂದು ಕರೆದರು. ಕಣ್ಣಾರೆ ಕಾಣದ ಮರಕ್ಕೆ ಅದರ ಗುಣದಿಂದಲೇ ಹೆಸರಿಟ್ಟ ಆ ಜಾಣ್ಮೆ ಮೆಚ್ಚತಕ್ಕದ್ದು. ಇಂಗ್ಲಿಷಿನ ಆಯಿಲ್ ಎಂಬ ಪದದ ಬೇರು ಗ್ರೀಕರ ಆಲಿವ್ ಮರದ ಹೆಸರಿನಲ್ಲಿದೆ. ನಮ್ಮ ಎಣ್ಣೆ ಎಂಬ ಪದವೋ, ಎಳ್ಳಿನ ನೆಯ್ ಎಂಬುದರಿಂದ ಬಂದದ್ದು. ಅವರಿಗೆ ಎಣ್ಣೆಯೆಂದರೆ ಆಲಿವ್, ನಮಗೆ ಎಣ್ಣೆಯೆಂದರೆ ಎಳ್ಳು. ತಮ್ಮ ನೆಲ ಕೊಟ್ಟ ಕೊಬ್ಬಿಗೆ ತಮ್ಮ ಮಾತಿನಲ್ಲಿ ಹೆಸರಿಟ್ಟು ಅದರ ಸುತ್ತ ಊಟ ಕಟ್ಟಿಕೊಂಡ ಎರಡು ಲೋಕಗಳಿವು.

ಹೀಗೆ ಒಂದು ಕೊಬ್ಬಿನ ಸುತ್ತ ಕಟ್ಟಿಕೊಂಡ ಊಟದ ಬಲ ಎಷ್ಟು ಎಂಬುದಕ್ಕೆ ಸ್ಪೇನ್‌ನಿಂದ ಸಾಕ್ಷಿಯಿದೆ. ಹೃದ್ರೋಗದ ಅಪಾಯ ಹೆಚ್ಚಿದ್ದ 7,447 ಜನರ ಮೇಲೆ ನಡೆದ ಪ್ರೆಡಿಮೆಡ್ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಜನರನ್ನು ಗುಂಪುಗಳಿಗೆ ಹಂಚಿದ ರೀತಿಯಲ್ಲಿ ಲೋಪಗಳು ಕಂಡುಬಂದು ಅದನ್ನು ಹಿಂತೆಗೆದುಕೊಂಡು, ತಿದ್ದಿದ ವಿಶ್ಲೇಷಣೆಯೊಂದಿಗೆ 2018ರಲ್ಲಿ ಮರುಪ್ರಕಟಿಸಿದರು. ಫಲಿತಾಂಶದ ದಿಕ್ಕು ಬದಲಾಗಲಿಲ್ಲ. ಕೊಬ್ಬು ಕಡಿಮೆ ಮಾಡಲು ಹೇಳಿದ ಗುಂಪಿಗಿಂತ ಮೆಡಿಟರೇನಿಯನ್ ಊಟದ ಗುಂಪುಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಮೊದಲಾದವು ಸುಮಾರು 30 ಪ್ರತಿಶತ ಕಡಿಮೆಯಿದ್ದವು. ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಅವರು ಹೇರಳವಾಗಿ ಬಳಸಿದ್ದು ಮೊದಲ ಹಿಂಡಿನ ಶುದ್ಧ ಆಲಿವ್ ಎಣ್ಣೆ, ಸೀಸೆಯ ಉಪ್ಪು ಆಲಿವ್ ಅಲ್ಲ. ಇನ್ನೊಂದು ಗುಂಪಿಗೆ ಆಲಿವ್ ಎಣ್ಣೆಯ ಬದಲು ಅಕ್ರೋಟ, ಬಾದಾಮಿ, ಹೇಜಲ್ ಬೀಜಗಳನ್ನು ಕೊಟ್ಟಿದ್ದರು. ಆ ಗುಂಪಿಗೂ ಹೆಚ್ಚುಕಡಿಮೆ ಅಷ್ಟೇ ಲಾಭ ಸಿಕ್ಕಿತು. ತರಕಾರಿ, ಬೇಳೆಕಾಳು, ಹಣ್ಣು, ಮೀನು ಕೂಡಿದ ಇಡೀ ತಟ್ಟೆಯ ಫಲ ಅದು, ಒಂದು ಕಾಯಿಯ ಪವಾಡವಲ್ಲ.

ಹಾಗಾದರೆ ನಮ್ಮ ತಟ್ಟೆಯಲ್ಲಿ ಆ ಜಾಗದಲ್ಲಿ ಏನಿದೆ? ಶೇಂಗಾ ಇದೆ. ಆಲಿವ್ ಎಣ್ಣೆಯ ಮುಖ್ಯ ಘಟಕ ಓಲಿಯಿಕ್ ಆಮ್ಲ. ಶೇಂಗಾದ ಕೊಬ್ಬಿನಲ್ಲೂ ಸರಿಸುಮಾರು ಅರ್ಧದಷ್ಟು ಅದೇ. 30 ಗ್ರಾಂ ಶೇಂಗಾ, ಅಂದರೆ ಒಂದು ಹಿಡಿ, 7 ಗ್ರಾಂಗೂ ಹೆಚ್ಚು ಈ ಬಗೆಯ ಕೊಬ್ಬು ಕೊಡುತ್ತದೆ. ಹತ್ತು ಹಸಿರು ಆಲಿವ್‌ಗಳು ಕೊಡುವುದು 4 ಗ್ರಾಂನಷ್ಟು. ಆಲಿವ್‌ನಲ್ಲಿ ಇಲ್ಲವೆನ್ನುವಷ್ಟಿರುವ ಪ್ರೋಟೀನು ಆ ಹಿಡಿಯಲ್ಲಿ 7 ಗ್ರಾಂಗೂ ಮೇಲೆ. ಇ ಜೀವಸತ್ತ್ವವೂ ಹೆಚ್ಚು. ಉಪ್ಪು ಹಾಕದೆ ಹುರಿದರೆ ಸೋಡಿಯಂ ಲೆಕ್ಕಕ್ಕಿಲ್ಲ. ಶಕ್ತಿಯ ಲೆಕ್ಕದಲ್ಲಿ ಮಾತ್ರ ಶೇಂಗಾ ಭಾರ: ಆ ಹಿಡಿಗೆ 170 ಕಿಲೊಕ್ಯಾಲರಿ, ಹತ್ತು ಆಲಿವ್‌ಗೆ 50. ತೂಕ ಇಳಿಸಬೇಕಾದವರು ಇದನ್ನು ಮರೆಯಬಾರದು. ಧಾರವಾಡ, ವಿಜಯಪುರ, ಬಾಗಲಕೋಟೆಗಳಿಂದ ಬಂದ ಮನೆಗಳಲ್ಲಿ ಜೋಳದ ರೊಟ್ಟಿಯ ಪಕ್ಕಕ್ಕೆ ಶೇಂಗಾ ಚಟ್ನಿ, ಗುರೆಳ್ಳಿನ ಪುಡಿ, ಹೆಸರುಕಾಳು, ಹಸಿ ಸೌತೆಕಾಯಿ ಬೀಳುವ ತಟ್ಟೆಯನ್ನು ನೆನೆಯಿರಿ. ಅದರ ರಚನೆ ಮೆಡಿಟರೇನಿಯನ್ ತಟ್ಟೆಗೆ ಬಹಳ ದೂರದ್ದಲ್ಲ.

ಶುದ್ಧ ಆಲಿವ್ ಎಣ್ಣೆಯ ಪರವಾಗಿ ಹೇಳಬೇಕಾದ ಮಾತನ್ನು ಮುಚ್ಚಿಡಬಾರದು. ಅದರಲ್ಲಿರುವ ಹೈಡ್ರಾಕ್ಸಿಟೈರೊಸಾಲ್ ಮೊದಲಾದ ಪಾಲಿಫಿನಾಲ್‌ಗಳು ನಮ್ಮ ಶುದ್ಧೀಕರಿಸಿದ ಶೇಂಗಾ ಎಣ್ಣೆಯಲ್ಲಿಲ್ಲ. 20 ಗ್ರಾಂ ಎಣ್ಣೆಯಲ್ಲಿ ಇವು ಕನಿಷ್ಠ 5 ಮಿಲಿಗ್ರಾಂ ಇದ್ದರೆ ರಕ್ತದ ಕೊಬ್ಬನ್ನು ಉತ್ಕರ್ಷಣದಿಂದ ಕಾಪಾಡುತ್ತವೆಂದು ಬರೆದುಕೊಳ್ಳಲು ಐರೋಪ್ಯ ಒಕ್ಕೂಟ 2012ರಿಂದ ಅನುಮತಿಸಿದೆ. ಆದರೆ ನಮ್ಮ ಪೇಟೆಯಲ್ಲಿ ಅಡುಗೆಗೆಂದು ಅಗ್ಗವಾಗಿ ಸಿಗುವ ಪೋಮೇಸ್ ಆಲಿವ್ ಎಣ್ಣೆ ಹಿಂಡಿ ಉಳಿದ ಚರಟದಿಂದ ರಾಸಾಯನಿಕ ದ್ರಾವಕ ಬಳಸಿ ತೆಗೆದು ಶುದ್ಧೀಕರಿಸಿದ್ದು. ಆ ಪಾಲಿಫಿನಾಲ್‌ಗಳ ಬಹುಭಾಗ ಅದರಲ್ಲಿ ಉಳಿದಿರುವುದಿಲ್ಲ. ಆಲಿವ್ ಎಂಬ ಹೆಸರಿಗೆ ಹೆಚ್ಚು ಹಣ ತೆತ್ತು ಅದರ ಸಾರವನ್ನೇ ಬಿಟ್ಟುಬರುವ ವ್ಯಾಪಾರ ಇದು.

ನಮ್ಮದು ಸ್ವದೇಶಿ ಹಟವೆಂದು ಯಾರೂ ಭಾವಿಸದಿರಲಿ. ಶೇಂಗಾ ದಕ್ಷಿಣ ಅಮೆರಿಕದಿಂದ ಬಂದದ್ದು. ನಾವು ತಿನ್ನುವ ಬೀಜರಹಿತ ದ್ರಾಕ್ಷಿಯ ಮೂಲವಾದ ಥಾಮ್ಸನ್ ತಳಿ ಪಶ್ಚಿಮ ಏಷ್ಯಾದಿಂದ ಹೊರಟು ಕ್ಯಾಲಿಫೋರ್ನಿಯಾದಲ್ಲಿ ಹೆಸರು ಪಡೆದು ಇಲ್ಲಿಗೆ ಬಂತು. ಇಲ್ಲಿ ಬಂದ ಮೇಲೆ ಸೋಲಾಪುರ, ಸಾಂಗ್ಲಿಗಳ ಬೆಳೆಗಾರರು ತಮ್ಮ ತೋಟದಲ್ಲಿ ಭಿನ್ನವಾಗಿ ಕಂಡ ಕೊಂಬೆಗಳನ್ನು ಆರಿಸಿ ಬೆಳೆಸಿ ಸೊನಾಕಾ, ತಾಸ್-ಎ-ಗಣೇಶ್ ಮುಂತಾದ ತಳಿಗಳನ್ನು ರೂಪಿಸಿದರು. ಆಲಿವ್ ಕೂಡ ಭಾರತಕ್ಕೆ ಕಾಲಿಟ್ಟಿದೆ. ಇಸ್ರೇಲಿನ ನೆರವಿನಿಂದ ರಾಜಸ್ಥಾನ ಅದನ್ನು ಬೆಳೆಸುವ ಯತ್ನ ಮಾಡಿದೆ. ಹೂ ಬಿಡಲು ಚಳಿಗಾಲದ ತಂಪು ಬೇಕಾದ್ದರಿಂದ ದಖನ್ನಿನ ಬಯಲು ಅದಕ್ಕೆ ಒಗ್ಗುವುದು ಕಷ್ಟ. ಯಾವ ಆಹಾರ ಎಲ್ಲಿಂದ ಬಂತೆಂಬುದಕ್ಕಿಂತ, ನಮ್ಮ ಊಟದಲ್ಲಿ ಅದು ಯಾವ ಕೊರತೆ ತುಂಬುತ್ತದೆ, ಯಾವುದನ್ನು ಹೊರದಬ್ಬುತ್ತದೆ ಎಂಬುದೇ ಮುಖ್ಯ.

ದ್ರಾಕ್ಷಿಗೂ ಆಲಿವ್‌ಗೂ ಒಂದು ಹಳೆಯ ನಂಟಿರುವುದನ್ನು ಈ ಪಂದ್ಯದ ನಡುವೆ ನಾವು ಮರೆತಿದ್ದೇವೆ. ಕ್ಯಾಂಪ್‌ನಿಂದ ಸೋಲಾಪುರ ರಸ್ತೆ ಹಿಡಿದು ಹಡಪ್ಸರ ದಾಟಿದರೆ ಮಾಂಜರಿ ಸಿಗುತ್ತದೆ. 1997ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಅಲ್ಲಿದೆ. ಅದೇ ದಾರಿಯಲ್ಲಿ ಸೋಲಾಪುರಕ್ಕೆ ಹೋಗಿ ದಕ್ಷಿಣಕ್ಕೆ ತಿರುಗಿದರೆ ಕರ್ನಾಟಕದ ದ್ರಾಕ್ಷಿಯ ತವರಾದ ವಿಜಯಪುರ ಜಿಲ್ಲೆ. ಅಲ್ಲಿ ಒಣದ್ರಾಕ್ಷಿ ಮಾಡುವವರು ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಥೈಲ್ ಓಲಿಯೇಟ್ ಬೆರೆಸಿದ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಬಲೆಯ ಅಟ್ಟಗಳ ಮೇಲೆ ಎರಡು ವಾರದ ಆಸುಪಾಸು ಒಣಗಿಸುತ್ತಾರೆ. ದ್ರಾಕ್ಷಿಯ ಮೈಮೇಲಿನ ಬೆಳ್ಳನೆಯ ಮೇಣದ ಪದರ ಸಡಿಲಗೊಂಡು ಒಳಗಿನ ನೀರು ಬೇಗ ಹೊರಬೀಳುತ್ತದೆ. ಸುಮಾರು ನಾಲ್ಕು ಕಿಲೊ ಹಣ್ಣಿಗೆ ಒಂದು ಕಿಲೊ ಒಣದ್ರಾಕ್ಷಿ. ಈ ವಿಧಾನದ ಹಿರಿಯ ರೂಪ ಮೆಡಿಟರೇನಿಯನ್ ತೀರದ್ದು. ಅಲ್ಲಿನವರು ಬೂದಿಯ ಕ್ಷಾರಕ್ಕೆ ಆಲಿವ್ ಎಣ್ಣೆ ಬೆರೆಸಿ ದ್ರಾಕ್ಷಿಯನ್ನು ಅದ್ದುತ್ತಿದ್ದರು. ಎಥೈಲ್ ಓಲಿಯೇಟ್ ತಯಾರಾಗುವುದು ಆಲಿವ್ ಎಣ್ಣೆಯ ಆ ಓಲಿಯಿಕ್ ಆಮ್ಲದಿಂದಲೇ. ಎರಡು ಹಣ್ಣುಗಳು ಒಂದಕ್ಕೊಂದು ಎದುರಾಳಿಗಳಾಗದೆ ನೆರವಾದ ಬಗೆ ಇದು.

ಅಲ್ಲಿನ ಬೆಳೆಗಾರನ ಪಾಡೂ ಈ ಮಾತಿಗೆ ಹೊರತಲ್ಲ. ಒಣಗಲು ಹರಡಿದ ಹಣ್ಣಿನ ಮೇಲೆ ಅಕಾಲದ ಮಳೆ ಬಿದ್ದರೆ ವರ್ಷದ ದುಡಿಮೆಯ ಬಣ್ಣವೂ ಬೆಲೆಯೂ ಇಳಿಯುತ್ತವೆ. ದ್ರಾಕ್ಷಿ ವಿಷವೆಂಬ ಗಾಳಿಮಾತಿನಿಂದ ಅವನ ಹಣ್ಣನ್ನು ದೂರವಿಡುವುದು ನ್ಯಾಯವಲ್ಲ. ಹಾಗೆಂದು ಪ್ರಶ್ನೆಯನ್ನೇ ಕೇಳಬಾರದೆಂದಲ್ಲ. 2010ರಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಶೇಷ ಕಂಡುಬಂದು ಭಾರತದ ದ್ರಾಕ್ಷಿಯನ್ನು ಯೂರೋಪು ತಿರಸ್ಕರಿಸಿತ್ತು. ಆಮೇಲೆ ರಫ್ತಿನ ಹಣ್ಣಿನ ತಪಾಸಣೆ ಬಿಗಿಯಾಯಿತು. ಯೂರೋಪಿನ ಊಟಗಾರನಿಗೆ ಸಿಗುವ ಅದೇ ಕಾಳಜಿ ಶಿವಾಜಿ ಮಾರುಕಟ್ಟೆಯ ಕೈಗಾಡಿಗೂ ಸಿಗಬೇಕೆಂದು ಕೇಳುವುದು ನಮ್ಮ ಹಕ್ಕು. ಅಲ್ಲಿಯವರೆಗೆ ಹಣ್ಣನ್ನು ನೀರಿನಲ್ಲಿ ಕೆಲಹೊತ್ತು ನೆನೆಸಿ, ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ತಿನ್ನುವುದು ಕ್ಷೇಮ.

ಒಟ್ಟಿನಲ್ಲಿ ನಮ್ಮ ಸಲಹೆ ಇಷ್ಟು. ದ್ರಾಕ್ಷಿಯನ್ನು ಅದರ ಋತುವಿನಲ್ಲಿ, ಹಣ್ಣಾಗಿಯೇ, ಒಂದು ಸಣ್ಣ ಬಟ್ಟಲು ತಿನ್ನೋಣ, ರಸ ಮಾಡಿ ಕುಡಿಯುವುದು ಬೇಡ. ಒಣದ್ರಾಕ್ಷಿಯನ್ನು ಸಿಹಿತಿಂಡಿಯ ಬದಲಿಗೆ ತಿನ್ನೋಣ, ಸಿಹಿತಿಂಡಿಯ ಜೊತೆಗಲ್ಲ. ಆಲಿವ್ ರುಚಿಸಿದರೆ ನಾಲ್ಕೈದು ಕಾಯಿ ತೊಳೆದು ತಿನ್ನೋಣ, ಆ ದಿನ ಉಪ್ಪಿನಕಾಯಿ ಬಿಡೋಣ. ಆಲಿವ್ ಎಣ್ಣೆ ಕೊಳ್ಳುವ ಶಕ್ತಿಯಿದ್ದವರು ಮೊದಲ ಹಿಂಡಿನದನ್ನೇ ಕೊಂಡು ಕೋಸಂಬರಿಯ ಮೇಲೆ ಹಸಿಯಾಗಿ ಬಳಸಲಿ. ಆ ಶಕ್ತಿಯಿಲ್ಲದವರು ತಮ್ಮ ಮಕ್ಕಳಿಗೋ ವೃದ್ಧ ತಾಯ್ತಂದೆಯರಿಗೋ ಏನನ್ನೋ ತಪ್ಪಿಸುತ್ತಿದ್ದೇವೆಂದು ಕೊರಗುವ ಕಾರಣವಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಹೊಸ ಶೇಂಗಾ, ಗುರೆಳ್ಳು ತಂದಿಟ್ಟುಕೊಳ್ಳಲಿ. ಮಕ್ಕಳಿಗೆ ಅವುಗಳ ರುಚಿಯ ಜೊತೆಗೆ ಹೆಸರುಗಳನ್ನೂ ಕನ್ನಡದಲ್ಲೇ ಕಲಿಸಲಿ.